ಅತ್ತೆಯವರನ್ನು ಕಚ್ಚಿದ ಗ್ರೈಂಡರ್



ಈ ಸಲ ಉಪ್ಪಿನಕಾಯಿ, ಸಂಡಿಗೆಗಳನ್ನು ಬದಿಗಿಟ್ಟು ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿ ಹೇಳುತ್ತೇನೆ. ಹೇಳಲು ಸ್ವಲ್ಪ ನಾಚಿಕೆಯೂ ಆಗುತ್ತದೆ. ಆದರೆ ನಾವು ಮಾಡಿದ ತಪ್ಪು ನಿಮ್ಮ ಮನೆಯಲ್ಲಿ ಆಗಬಾರದಲ್ಲ!

ನಮ್ಮದು ಮಾವನವರು 1972ರಲ್ಲಿ ಕಟ್ಟಿಸಿದ ಹೆಂಚಿನ ಮನೆ. ಆಗ ಕರೆಂಟಿಗೆ ಕೆಲಸವಾದರೂ ಏನಿತ್ತು? ಕೋಣೆಗೊಂದು ಬಲ್ಬು, ನಡುಮನೆಯಲ್ಲೊಂದು ರೇಡಿಯೋ. ಮರದ ಪಟ್ಟಿಯ ಮೇಲೆ ರಬ್ಬರ್ ಹೊದಿಕೆಯ ವೈರು, ಅಲ್ಲೊಂದು ಇಲ್ಲೊಂದು ಎರಡು ಪಿನ್ನಿನ ಪ್ಲಗ್ಗು. ಅಷ್ಟಕ್ಕೆ ಅದು ಧಾರಾಳವಾಗಿತ್ತು. ಆಮೇಲೆ ಒಂದೊಂದಾಗಿ ಬಂದವು ನೋಡಿ – ಮಿಕ್ಸಿ, ಫ್ರಿಜ್ಜು, ಗ್ರೈಂಡರು, ವಾಷಿಂಗ್ ಮೆಷೀನು, ಹಂಡೆಯ ಜಾಗಕ್ಕೆ ಗೀಸರು. ಸಾಮಾನೆಲ್ಲ ಹೊಸದು, ವೈರು ಮಾತ್ರ ಮಾವನವರ ಕಾಲದ್ದೇ.

ನಮ್ಮ ಅತ್ತೆಯವರು ಆಗಾಗ ಹೇಳುತ್ತಿದ್ದರು, "ಈ ಗ್ರೈಂಡರು ಕಚ್ಚುತ್ತೆ ಕಣೇ." ನಾನು ಮುಟ್ಟಿ ನೋಡುತ್ತಿದ್ದೆ, ನನಗೇನೂ ಆಗುತ್ತಿರಲಿಲ್ಲ. "ಕೈ ಜೋಮು ಹಿಡಿದಿರಬೇಕು ಅತ್ತೆ, ಸಕ್ಕರೆ ಕಾಯಿಲೆಯವರಿಗೆ ಹಾಗಾಗುತ್ತಂತೆ" ಅಂದುಬಿಟ್ಟೆ. ನಮ್ಮ ಯಜಮಾನರೂ "ಅಮ್ಮನಿಗೆ ರುಬ್ಬೋ ಕಲ್ಲಿನ ಮೇಲೇ ಪ್ರೀತಿ" ಎಂದು ನಕ್ಕರು. ಪಾಪ, ಅವರು ಸುಮ್ಮನಾದರು. ಒಂದು ದಿನ ಉದ್ದಿನ ಹಿಟ್ಟು ಬಳಿಯುತ್ತಿದ್ದವರು ಚೀರಿ, ಹಿಂದಕ್ಕೆ ಬಿದ್ದರು. ಗೋಡೆ ಹತ್ತಿರವಿದ್ದುದರಿಂದ ತಲೆಗೆ ಪೆಟ್ಟಾಗಲಿಲ್ಲ. ದೇವರು ದೊಡ್ಡವನು.

ಅಂದೇ ಎಲೆಕ್ಟ್ರಿಷಿಯನ್ನನ್ನು ಕರೆಸಿದೆವು. ಗ್ರೈಂಡರಿನ ಮೈಗೆ ಟೆಸ್ಟರ್ ಇಟ್ಟ ಕೂಡಲೇ ದೀಪ ಉರಿಯಿತು. "ಹಾಗಾದರೆ ನನಗೇಕೆ ಹೊಡೆಯಲಿಲ್ಲಪ್ಪಾ?" ಎಂದೆ. ಅವನು ನನ್ನ ಕಾಲು ನೋಡಿ ಹೇಳಿದ, "ಅಮ್ಮಾ, ನೀವು ಮನೆಯೊಳಗೂ ಹವಾಯಿ ಚಪ್ಪಲಿ ಹಾಕ್ತೀರಿ. ಅಜ್ಜಿ ಸ್ನಾನ ಮಾಡಿ ಬರಿಗಾಲಲ್ಲಿ ಬರ್ತಾರೆ. ಒದ್ದೆ ಕೈ, ಒದ್ದೆ ಕಾಲು. ಅಷ್ಟೇ ವ್ಯತ್ಯಾಸ." ನನಗೆ ಕಣ್ಣಲ್ಲಿ ನೀರು ಬಂತು.

ಆದದ್ದು ಇಷ್ಟು. ಗ್ರೈಂಡರಿನೊಳಗೆ ನೀರಿಳಿದು ಕರೆಂಟು ಅದರ ಮೈಗೆ ಬರುತ್ತಿತ್ತು. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ದಪ್ಪ, ಉದ್ದ ಪಿನ್ನು ಇದೆಯಲ್ಲ, ಅದೇ ಅರ್ಥ್. ಸೋರಿದ ಕರೆಂಟನ್ನು ಅದು ನೆಲಕ್ಕೆ ಇಳಿಸಬೇಕು. ನಾವು ಹಳೆಯ ಪ್ಲಗ್ಗಿಗೆ ಹೊಂದಲಿ ಎಂದು ನಡುವೆ ಒಂದು ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸಿದ್ದೆವು. ಅಲ್ಲಿಗೆ ಅರ್ಥ್ ದಾರಿ ಮುಚ್ಚಿತು. ಉಳಿದದ್ದು ಅತ್ತೆಯವರ ಮೈಯೊಂದೇ ದಾರಿ!

ಇನ್ನೂ ಒಂದಿತ್ತು. ಗೀಸರಿಗೆಂದು ಹಾಕಿಸಿದ್ದ ಮೂರು ಪಿನ್ನಿನ ಪ್ಲಗ್ಗಿನ ಅರ್ಥ್ ತಂತಿಯನ್ನು ನಲ್ಲಿಯ ಕಬ್ಬಿಣದ ಪೈಪಿಗೆ ಸುತ್ತಿದ್ದರು. ಆ ಪೈಪು ತುಕ್ಕು ಹಿಡಿಯಿತೆಂದು ನಾವು ಪಿ.ವಿ.ಸಿ. ಪೈಪು ಹಾಕಿಸಿದೆವು. ಪ್ಲಾಸ್ಟಿಕ್ಕಿನಲ್ಲಿ ಕರೆಂಟು ನೆಲಕ್ಕೆ ಇಳಿಯುತ್ತದೆಯೇ? ಹಳೆಯ ಮನೆಯಲ್ಲಿ ನಲ್ಲಿ ಪೈಪು ಬದಲಿಸಿದ್ದರೆ ಇದನ್ನು ತಪ್ಪದೆ ನೋಡಿಸಿ. ನಲ್ಲಿಯನ್ನು ನಂಬಿಕೊಳ್ಳದೆ ಅರ್ಥಿಂಗಿಗೇ ಬೇರೆ ಗುಂಡಿ ಇರಬೇಕು.

ಫ್ಯೂಸಿನ ಕಥೆಯನ್ನೂ ಹೇಳಿಬಿಡುತ್ತೇನೆ. ಗೀಸರು ಬಂದ ಮೇಲೆ ಪದೇ ಪದೇ ಫ್ಯೂಸ್ ಹೋಗುತ್ತಿತ್ತು. ನಮ್ಮವರು ದಪ್ಪ ತಂತಿ ಕಟ್ಟಿ, "ಇನ್ನು ಹೋಗಲ್ಲ ನೋಡು" ಎಂದು ಬೀಗಿದರು. ಹೋಗಲಿಲ್ಲ ನಿಜ. ಆದರೆ ಅಟ್ಟದಲ್ಲಿ ನೋಡಿದಾಗ ವೈರಿನ ರಬ್ಬರು ಹುರಿದ ಹಪ್ಪಳದ ಹಾಗೆ ಮುಟ್ಟಿದರೆ ಉದುರುತ್ತಿತ್ತು! ಪಕ್ಕದಲ್ಲೇ ಹಳೆಯ ಪೇಪರಿನ ಕಟ್ಟು, ಒಣ ತೆಂಗಿನಕಾಯಿ. ಫ್ಯೂಸ್ ಇರುವುದೇ ವೈರು ಸುಡುವ ಮೊದಲು ತಾನು ಸುಟ್ಟು ಮನೆ ಉಳಿಸಲಿಕ್ಕೆ. ಅದರ ಕೈ ಕಟ್ಟಿದರೆ ಸುಡುವುದು ವೈರೇ. ಎಂ.ಸಿ.ಬಿ. ಪದೇ ಪದೇ ಬೀಳುತ್ತದೆಂದು ಇನ್ನೂ ದೊಡ್ಡದನ್ನು ಹಾಕಿಸುವುದೂ ಇದೇ ತಪ್ಪು.

ಲೆಕ್ಕ ಕಷ್ಟವೇನಲ್ಲ. ಸಾಮಾನಿನ ಮೇಲೆ ಬರೆದ ವ್ಯಾಟನ್ನು 230ರಿಂದ ಭಾಗಿಸಿದರೆ ಆಂಪಿಯರ್ ಬರುತ್ತದೆ. 2000 ವ್ಯಾಟಿನ ಗೀಸರು ಹತ್ತಿರ ಹತ್ತಿರ 9 ಆಂಪಿಯರ್ ಎಳೆಯುತ್ತದೆ. 1000 ವ್ಯಾಟಿನ ಇಸ್ತ್ರಿಪೆಟ್ಟಿಗೆ 4ಕ್ಕಿಂತ ಸ್ವಲ್ಪ ಹೆಚ್ಚು, 750 ವ್ಯಾಟಿನ ಮಿಕ್ಸಿ 3ಕ್ಕಿಂತ ಸ್ವಲ್ಪ ಹೆಚ್ಚು. ಹಳೆಯ ಚಿಕ್ಕ ಪ್ಲಗ್ಗು ತಾಳುವುದು 5 ಆಂಪಿಯರ್ ಮಾತ್ರ. ಇಸ್ತ್ರಿ, ಮಿಕ್ಸಿ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದರೆ ಏನಾದೀತು, ನೀವೇ ಹೇಳಿ. ಪಾವಕ್ಕಿ ಬೇಯುವ ಪಾತ್ರೆಗೆ ಸೇರಕ್ಕಿ ಸುರಿದ ಹಾಗೆ.

"ಇಡೀ ಮನೆ ವೈರಿಂಗ್ ಬದಲಿಸಲು ದುಡ್ಡೆಲ್ಲಿದೆ?" ಎನ್ನುತ್ತೀರಿ. ನಮಗೂ ಇರಲಿಲ್ಲ. ಮೂರು ಕಂತಿನಲ್ಲಿ ಮಾಡಿಸಿದೆವು.

ಮೊದಲು ಪ್ರಾಣ ಕಾಯುವ ಕೆಲಸ. ಹಿತ್ತಿಲಲ್ಲಿ ಹೊಸ ಅರ್ಥಿಂಗ್ ಗುಂಡಿ, ಮೇನ್ ಸ್ವಿಚ್ಚಿನ ಬಳಿ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಎಂ.ಸಿ.ಬಿ. ಕಾಯುವುದು ವೈರನ್ನು; ನಮ್ಮನ್ನು ಕಾಯುವುದು ಇದು. ಹೋದ ಕರೆಂಟು ಪೂರ್ತಿ ಹಿಂದಿರುಗದೆ ಸೋರಿಹೋದರೆ ತಟ್ಟನೆ ಲೈನು ಕತ್ತರಿಸುತ್ತದೆ. ಅದರ ಮೇಲೊಂದು ಪುಟ್ಟ ಟೆಸ್ಟ್ ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿದಾಗ ಸ್ವಿಚ್ಚು ಬೀಳಬೇಕು. ನಾನು ಸಂಕಷ್ಟಿಯ ದಿನ ಒತ್ತುತ್ತೇನೆ, ಮರೆಯುವುದಿಲ್ಲ.

ಎರಡನೆಯದು, ಗೀಸರಿಗೂ ಅಡುಗೆಮನೆಗೂ ಬೋರ್ಡಿನಿಂದಲೇ ಬೇರೆ ಬೇರೆ ಲೈನು. ಗೀಸರಿಗೆ 4 ಚದರ ಮಿಲಿಮೀಟರ್, ಅಡುಗೆಮನೆಯ ಪ್ಲಗ್ಗುಗಳಿಗೆ 2.5 ಚದರ ಮಿಲಿಮೀಟರ್ ತಾಮ್ರದ ವೈರು ಹಾಕಿದರು. ಮೂರನೆಯದಾಗಿ ಕೋಣೆಗಳ ಹಳೆಯ ರಬ್ಬರ್ ವೈರು. ಆ ವರ್ಷ ನನ್ನ ಬಳೆ ಮುಂದಕ್ಕೆ ಹೋಯಿತು, ಹೋಗಲಿ ಬಿಡಿ.

ನೀವು ನೆನಪಿಡಬೇಕಾದ್ದು:

* ಪ್ಲಗ್ಗು ಬಿಸಿಯಾದರೆ, ಕಪ್ಪಾದರೆ, ಸುಟ್ಟ ವಾಸನೆ ಬಂದರೆ ಮೇನ್ ಆಫ್ ಮಾಡಿ ತೋರಿಸಿ.
* ಐ.ಎಸ್.ಐ. ಗುರುತಿಲ್ಲದ ವೈರು, ಸ್ವಿಚ್ಚು ಕೊಳ್ಳಬೇಡಿ. ಲೈಸೆನ್ಸ್ ಇರುವವರಿಂದಲೇ ಕೆಲಸ ಮಾಡಿಸಿ.
* ಕರೆಂಟ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟೆಂದು ಬರೆದಿರುತ್ತದೆ. ಸಾಮಾನು ಹೆಚ್ಚಿದ್ದರೆ ಅದನ್ನೂ ಹೆಚ್ಚಿಸಿಕೊಳ್ಳಿ.
* ಯಾರಿಗಾದರೂ ಶಾಕ್ ಹೊಡೆದು ಅಂಟಿಕೊಂಡರೆ ಅವರನ್ನು ಮುಟ್ಟಬೇಡಿ. ಮೊದಲು ಮೇನ್ ಆಫ್ ಮಾಡಿ. ಅದಾಗದಿದ್ದರೆ ಒಣಗಿದ ಮರದ ಕೋಲಿನಿಂದ ಬಿಡಿಸಿ.
* ಉರಿಯುವ ವೈರಿಗೆ ನೀರು ಹಾಕಬೇಡಿ, ಒಣ ಮರಳು ಎರಚಿ.

ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು. ಮನೆಯಲ್ಲಿ ಹಿರಿಯರೋ, ಮಕ್ಕಳೋ, ಪಾತ್ರೆ ತೊಳೆಯಲು ಬರುವವರೋ "ಜುಮ್ಮೆಂದಿತು" ಅಂದರೆ ನಗಬೇಡಿ. ನಿಮಗೆ ಆಗಲಿಲ್ಲವೆಂದು ಅವರದು ಸುಳ್ಳಲ್ಲ. ಅವರ ಕಾಲು ಬರಿಗಾಲೇ ಎಂದು ನೋಡಿ.

ಗ್ರೈಂಡರನ್ನು ರಿಪೇರಿ ಮಾಡಿಸಿ, ಹೊಸ ಮೂರು ಪಿನ್ನಿನ ಪ್ಲಗ್ಗಿಗೆ ಹಾಕಿದ ದಿನ ಅತ್ತೆಯವರು ದೂರದಿಂದ ಒಂದು ಬೆರಳು ತಾಗಿಸಿ ನೋಡಿದರು. ಆಮೇಲೆ ಕೈಯಿಟ್ಟರು. "ಈಗ ಕಚ್ಚಲ್ಲ ಕಣೇ, ಪಳಗಿತು" ಎಂದರು. ಪಳಗಿದ್ದು ಗ್ರೈಂಡರಲ್ಲ ಅತ್ತೆ, ನಾವು ಎಂದುಕೊಂಡೆ.