ಮಹಾಳಿಯೂ ಮಷೀನ್ ಲರ್ನಿಂಗೂ

ಮೇ ಕೊನೆಯಿಂದ ಜೂನ್ ನಡುವಿನವರೆಗೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯಲ್ಲಿ ಎರಡು ಗಡಿಬಿಡಿಗಳು ಜೊತೆಜೊತೆಗೇ ಸಾಗುತ್ತವೆ. ಮಳೆ ಹಿಡಿಯುವುದರೊಳಗೆ ಅಡಿಕೆಗೆ ಮೊದಲ ಮದ್ದು ಬಿಟ್ಟು ಮುಗಿಸಬೇಕೆಂಬುದು ತೋಟದವರ ಆತುರ. ವರದಿಗೆ ಬೈಂಡಿಂಗ್ ಹಾಕಿಸಿ ವೈವಾ ದಾಟಬೇಕೆಂಬುದು ಬೆಂಜನಪದವು, ಉಜಿರೆ, ಮಿಜಾರುಗಳ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಆತುರ. ಎಷ್ಟೋ ಮನೆಗಳಲ್ಲಿ ಎರಡೂ ಒಂದೇ ಸೂರಿನಡಿ ನಡೆಯುತ್ತವೆ. ಅಪ್ಪ ಅಂಗಳದಲ್ಲಿ ಮೈಲುತುತ್ತು ಕದಡುತ್ತಿದ್ದರೆ, ಮಗಳು ಒಳಗೆ ಲ್ಯಾಪ್‌ಟಾಪಿನೆದುರು ನ್ಯೂರಲ್ ನೆಟ್‌ವರ್ಕಿನ ನಿಖರತೆಯನ್ನು ಇನ್ನೂ ಶೇಕಡಾ ಒಂದರಷ್ಟು ಏರಿಸಲು ಹೆಣಗುತ್ತಿರುತ್ತಾಳೆ. ಈ ಎರಡು ಕೆಲಸಗಳ ನಡುವೆ ಮಾತುಕತೆಯೇ ಇಲ್ಲದಿರುವುದು ಈ ಭಾಗದ ಕಂಪ್ಯೂಟರ್ ವಿಜ್ಞಾನ ಸಂಶೋಧನೆಯ ದೊಡ್ಡ ಕೊರತೆ.

ಸಂಸ್ಥೆಗಳಿಗಂತೂ ಬರವಿಲ್ಲ. ಬಂಟ್ವಾಳ ತಾಲ್ಲೂಕಿನ ಬೆಂಜನಪದವಿನಲ್ಲಿ ಕೆನರಾ ಎಂಜಿನಿಯರಿಂಗ್ ಕಾಲೇಜು 2001ರಿಂದ ಇದೆ. ಉಜಿರೆಯ ಎಸ್‌ಡಿಎಂ ಮತ್ತು ಮೂಡುಬಿದಿರೆಯ ಮೈಟ್ 2007ರಲ್ಲಿ, ಮಿಜಾರಿನ ಆಳ್ವಾಸ್ 2008ರಲ್ಲಿ ಬಂದವು. ಸುರತ್ಕಲ್ಲಿನ ಎನ್‌ಐಟಿಕೆ 1960ರದ್ದು, ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯ 1980ರದ್ದು. ಬಂಟ್ವಾಳ ತಾಲ್ಲೂಕಿನದೇ ವಿಟ್ಲದಲ್ಲಿ, 1956ರಲ್ಲಿ ಶುರುವಾದ ಅಡಿಕೆ ಸಂಶೋಧನಾ ಕೇಂದ್ರ ಇಂದು ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ (ಸಿಪಿಸಿಆರ್‌ಐ) ಪ್ರಾದೇಶಿಕ ಕೇಂದ್ರವಾಗಿ ಕೆಲಸ ಮಾಡುತ್ತಿದೆ. ಬೆಳಿಗ್ಗೆ ಬಸ್ಸು ಹತ್ತಿದರೆ ಇವುಗಳಲ್ಲಿ ಯಾವುದಕ್ಕಾದರೂ ಹೋಗಿ ಸಂಜೆಗೆ ಮನೆ ಸೇರಬಹುದು.

‘ಡೀಪ್ ಲರ್ನಿಂಗ್ ಬಳಸಿ ಅಡಿಕೆ ರೋಗ ಪತ್ತೆ’ ಎಂಬ ಶೀರ್ಷಿಕೆ ಕರಾವಳಿ, ಮಲೆನಾಡಿನ ಕಾಲೇಜುಗಳಲ್ಲಿ ಈಗ ಚಿರಪರಿಚಿತ. ಮೊಬೈಲಿನಲ್ಲಿ ಫೋಟೊ ತೆಗೆದರೆ ಅದು ಕೊಳೆರೋಗವೋ ಅಲ್ಲವೋ ಎಂದು ಆ್ಯಪ್ ಹೇಳಿಬಿಡುತ್ತದೆ. ವಿಷಯದ ಆಯ್ಕೆ ಒಳ್ಳೆಯದೇ, ಮಕ್ಕಳ ಶ್ರಮವೂ ನಿಜವಾದದ್ದೇ. ಎಡವಿರುವುದು ಪ್ರಶ್ನೆಯಲ್ಲಿ. ಮಹಾಳಿ, ಅಂದರೆ ಕೊಳೆರೋಗ, ಬಂದಿದೆಯೆಂದು ತೋಟದವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬುಡದಲ್ಲಿ ಉದುರಿಬಿದ್ದ ಎಳೆಗಾಯಿಯನ್ನು ಎತ್ತಿ, ತೊಟ್ಟಿನ ಹತ್ತಿರ ನೀರು ಕುಡಿದಂತೆ ಕಪ್ಪುಹಸಿರಾದ ಕಲೆಯನ್ನೂ ಅದರ ಮೇಲೆ ಹಬ್ಬಿದ ಬಿಳಿ ಬೂಸ್ಟನ್ನೂ ಕಂಡರೆ ಅವನಿಗೆ ಸಾಕು. ಅಷ್ಟು ಹೊತ್ತಿಗೆ ರೋಗ ಕೊನೆಯಿಂದ ಕೊನೆಗೆ ದಾಟಿರುತ್ತದೆ, ಮಳೆ ಬಿಡುವು ಕೊಟ್ಟಿರುವುದಿಲ್ಲ, ಮರ ಹತ್ತುವವರು ಸಿಕ್ಕಿರುವುದಿಲ್ಲ.

ಅವನಿಗೆ ಬೇಕಾಗಿರುವುದು ವಾರದ ಮುಂಚಿನ ಎಚ್ಚರಿಕೆ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರಿನ ಬೋರ್ಡೋ ದ್ರಾವಣವನ್ನು ಮಳೆಗೆ ಮೊದಲೊಮ್ಮೆ, ನಲವತ್ತು–ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ ಬಿಡುವುದು ರೂಢಿ. ಆ ಎರಡನೇ ಮದ್ದನ್ನು ಈ ವರ್ಷ ಹತ್ತು ದಿನ ಮುಂದೆ ತರಬೇಕೇ? ಈ ರೋಗ ತರುವ ಫೈಟಾಫ್ತೊರಾ ಯಾವ ಹವೆಯಲ್ಲಿ ಕೆರಳುತ್ತದೆಂಬುದನ್ನು ಸಸ್ಯರೋಗ ವಿಜ್ಞಾನಿಗಳು ಬಹಳ ಹಿಂದೆಯೇ ಗುರುತಿಸಿದ್ದಾರೆ. ಎಡೆಬಿಡದ ಮಳೆ, 20ರಿಂದ 23 ಡಿಗ್ರಿಯ ತಂಪು, ಶೇ 90 ದಾಟಿದ ತೇವಾಂಶ, ನಡುನಡುವೆ ಇಣುಕುವ ಬಿಸಿಲು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಜೊತೆಗೆ ಬೇಕಾಗಿರುವುದು ಯಾವ ತೋಟದಲ್ಲಿ ಯಾವ ದಿನ ಮೊದಲ ಕಾಯಿ ಉದುರಿತು, ಮದ್ದು ಎಂದು ಬಿಟ್ಟರು, ಮರದ ತಲೆಯ ಹತ್ತಿರ ತೇವ ಎಷ್ಟಿತ್ತು ಎಂಬ ದಾಖಲೆ. ಮಷೀನ್ ಲರ್ನಿಂಗ್ ನಿಜವಾಗಿ ದುಡಿಯಬೇಕಾದ ಜಾಗ ಇದು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡಿನ ತೋಟಗಳಲ್ಲಿ ಕೊಳೆರೋಗದ ಬೆನ್ನುಹತ್ತಿದಾಗ, ಅಡಿಕೆ ಕೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟುವುದಷ್ಟೇ ಕೃಷಿಕರ ರಕ್ಷಣೆಯಾಗಿತ್ತು. ಅವರ ಪ್ರಶ್ನೆ ಹುಟ್ಟಿದ್ದು ತೋಟದಲ್ಲಿ. ಅದಕ್ಕೇ ಅವರು ಹೇಳಿಕೊಟ್ಟ ಬೋರ್ಡೋ ಸಿಂಪಡಣೆ ನೂರು ವರ್ಷ ಕಳೆದರೂ ತೋಟದಲ್ಲೇ ಉಳಿದಿದೆ.

ಎಲೆಯ ಫೋಟೊ ನೋಡಿ ರೋಗ ಹೇಳುವ ಸಂಶೋಧನೆಗೆ ಜಗತ್ತಿನಾದ್ಯಂತ ಆಧಾರವಾಗಿರುವುದು ಪ್ಲಾಂಟ್‌ವಿಲೇಜ್ ಎಂಬ ಚಿತ್ರಸಂಗ್ರಹ. ಅದರಲ್ಲಿ 14 ಬೆಳೆಗಳಿವೆ. ಸೇಬು, ದ್ರಾಕ್ಷಿ, ಬಟಾಟೆ, ಟೊಮೆಟೊ ಉಂಟು. ಅಡಿಕೆ, ತೆಂಗು, ಕಾಳುಮೆಣಸು, ಭತ್ತ ಇಲ್ಲ. 2016ರಲ್ಲಿ ಪ್ರಕಟವಾದ ಹೆಸರಾಂತ ಪ್ರಬಂಧವೊಂದು ಇದರ 54,306 ಚಿತ್ರಗಳನ್ನು ಬಳಸಿ ಶೇ 99.35 ನಿಖರತೆ ಸಾಧಿಸಿತು. ಪ್ರತಿ ವರ್ಷದ ಪ್ರಾಜೆಕ್ಟ್ ವರದಿಗಳು ಬೆನ್ನಟ್ಟುವುದು ಇಂಥ ಅಂಕಿಯನ್ನೇ. ಆದರೆ ಬೇರೆ ಕಡೆಯಿಂದ, ಬೇರೆ ಬೆಳಕಿನಲ್ಲಿ ತೆಗೆದ ಫೋಟೊ ಕೊಟ್ಟಾಗ ಅದೇ ಯಂತ್ರ ಶೇ 31ರ ಆಸುಪಾಸಿಗೆ ಕುಸಿಯಿತು ಎಂಬುದನ್ನು ಅದೇ ಲೇಖಕರು ಅದೇ ಪ್ರಬಂಧದಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. 2022ರಲ್ಲಿ ಇನ್ನೊಬ್ಬ ಸಂಶೋಧಕ ಎಲೆಯನ್ನು ಪೂರ್ತಿ ಬಿಟ್ಟು, ಚಿತ್ರದ ಹಿನ್ನೆಲೆಯ ಬರೀ 8 ಪಿಕ್ಸೆಲ್‌ಗಳನ್ನು ಯಂತ್ರಕ್ಕೆ ತೋರಿಸಿದರು. ಕುರುಡು ಊಹೆಗೆ ಶೇ 2.6 ಸಿಗಬೇಕಾದಲ್ಲಿ ಯಂತ್ರ ಶೇ 49 ಸರಿ ಹೇಳಿತು. ಅಂದರೆ ಅದು ಕಲಿತದ್ದರಲ್ಲಿ ದೊಡ್ಡ ಪಾಲು ಫೋಟೊ ತೆಗೆದ ಮೇಜಿನದ್ದು. ಒಂದು ಅಂಕಿಯನ್ನು ಹೀಗೆ ಅನುಮಾನಿಸಿ ನೋಡುವುದು ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬ ಒಂದೇ ವರ್ಷದಲ್ಲಿ ಮಾಡಬಹುದಾದ ಸಂಶೋಧನೆ. ಮೂಡುಬಿದಿರೆಯ ಪ್ರಯೋಗಾಲಯದಲ್ಲಿ ಶೇ 98 ತೋರಿಸಿದ ಮಾದರಿಯನ್ನು ಜುಲೈ ತಿಂಗಳಲ್ಲಿ ಶಿಶಿಲದ ತೋಟವೊಂದಕ್ಕೆ ಒಯ್ದು, ಸಿಕ್ಕ ಅಂಕಿ ನಲವತ್ತಾದರೆ ನಲವತ್ತೆಂದೇ ಬರೆದ ಪ್ರಬಂಧಕ್ಕೆ ಮೊದಲ ದರ್ಜೆ ಕೊಡುವ ಧೈರ್ಯ ಪರೀಕ್ಷಕರಿಗೆ ಬರಬೇಕು.

ತೋಟದ ಮಾಹಿತಿ ಕಾಲೇಜು ತಲುಪಬೇಕಲ್ಲ, ಅಲ್ಲಿ ಬರುವುದು ನೆಟ್‌ವರ್ಕಿನ ಪ್ರಶ್ನೆ. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಬಳ್ಳಕದಲ್ಲಿ, ಸಿಗ್ನಲ್ ಸಿಗುವ ರಸ್ತೆಬದಿಯಲ್ಲಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದ ಹುಡುಗಿಗೆ ಅಪ್ಪ ಕೊಡೆ ಹಿಡಿದು ನಿಂತ ಚಿತ್ರವನ್ನು ದೇಶವೇ ನೋಡಿತು. ಘಟ್ಟದ ಬುಡದ ಬೆಳ್ತಂಗಡಿಯ ಊರುಗಳಿಗೂ ಈ ಕಷ್ಟ ಹೊಸದಲ್ಲ. ಒದ್ದೆ ಸೋಗೆ ರೇಡಿಯೊ ತರಂಗವನ್ನು ಹೀರಿಕೊಳ್ಳುತ್ತದೆ. ಜುಲೈ ಮೋಡದಡಿ ಸೌರಫಲಕ ಸೊರಗುತ್ತದೆ. ಬ್ಯಾಟರಿ ತಿನ್ನದೆ, ದಿನಕ್ಕೆ ನಾಲ್ಕೇ ಸಲ ನಾಲ್ಕಂಕಿ ಕಳಿಸುವ ಸಾಧನವನ್ನು ಮಳೆಗಾಲವಿಡೀ ಜೀವಂತ ಇಡುವುದು ಹೇಗೆ ಎಂಬುದು ಯಾವ ದೊಡ್ಡ ವಿಶ್ವವಿದ್ಯಾಲಯಕ್ಕೂ ತಕ್ಕ ಪ್ರಶ್ನೆ.

ಇದಕ್ಕೆ ಮೇಲ್ಪಂಕ್ತಿ ಇದೆ. ಬರ್ಕ್ಲಿಯ ಸಂಶೋಧನಾ ವಿದ್ಯಾರ್ಥಿಗಳು ತಮಿಳುನಾಡಿನ ತೇನಿಯ ಅರವಿಂದ ಕಣ್ಣಾಸ್ಪತ್ರೆಯನ್ನು ಸುತ್ತಲಿನ ಹಳ್ಳಿಗಳ ದೃಷ್ಟಿ ಕೇಂದ್ರಗಳಿಗೆ ಬೆಸೆಯಲು ಹೊರಟಾಗ, ಮನೆಯೊಳಗಿನ ಬಳಕೆಗೆ ರೂಪಿಸಿದ ವೈಫೈ ಹತ್ತಾರು ಕಿಲೋಮೀಟರ್ ದೂರಕ್ಕೆ ತಡವರಿಸುವುದನ್ನು ಕಂಡರು. ಪ್ರತಿ ತುಣುಕಿಗೂ ‘ತಲುಪಿತು’ ಎಂಬ ಮರುಉತ್ತರಕ್ಕಾಗಿ ಅದು ಕಾಯುತ್ತಿತ್ತು. ಎರಡು ತುದಿಗಳೂ ಸರದಿಯ ಮೇಲೆ ಮಾತಾಡುವಂತೆ ಅವರು ಅದರ ನಿಯಮವನ್ನೇ ಬದಲಿಸಿದರು. 2007ರ ಅವರ ‘ವೈಲ್ಡ್‌ನೆಟ್’ ಪ್ರಬಂಧ ಹುಟ್ಟಿದ್ದು ಹೀಗೆ. ಅದಕ್ಕೂ ಮೊದಲು ಕರ್ನಾಟಕದ್ದೇ ದೊಡ್ಡಬಳ್ಳಾಪುರದಲ್ಲಿ ಎಂಐಟಿ ಸಂಶೋಧಕರ ‘ಡಾಕ್‌ನೆಟ್’ ಬಸ್ಸಿನ ಮೇಲೆ ವೈಫೈ ಪೆಟ್ಟಿಗೆ ಕೂರಿಸಿ, ‘ಭೂಮಿ’ ಪಹಣಿಯ ಮಾಹಿತಿಯನ್ನು ಹಳ್ಳಿಗೂ ಪೇಟೆಗೂ ನಡುವೆ ಸಾಗಿಸಿತ್ತು. ಬೆಳ್ತಂಗಡಿಯ ಒಳರಸ್ತೆಗಳಲ್ಲೂ ದಿನಾ ಬಸ್ಸು ಓಡುತ್ತದೆ.

ಊರಿನಿಂದಲೇ ಪ್ರಶ್ನೆ ಎತ್ತಿಕೊಂಡು ಗೆದ್ದ ಉದಾಹರಣೆ ಕೊಣಾಜೆಯಲ್ಲಿದೆ. 2011ರ ಜನಗಣತಿಯಲ್ಲಿ 18.46 ಲಕ್ಷ ಜನ ಮಾತೃಭಾಷೆಯೆಂದು ಬರೆಸಿದ ತುಳುವಿಗೆ ಕಂಪ್ಯೂಟರಿನ ಲೋಕದಲ್ಲಿ ಬಹುಕಾಲ ನೆಲೆಯೇ ಇರಲಿಲ್ಲ. ಮಂಗಳೂರು ವಿಶ್ವವಿದ್ಯಾಲಯದ ಗಣಕ ವಿಜ್ಞಾನ ವಿಭಾಗದ ಎಚ್.ಎಲ್. ಶಶಿರೇಖಾ ಮತ್ತು ಅವರ ಸಂಶೋಧನಾ ವಿದ್ಯಾರ್ಥಿಗಳು ಹೊರಗಿನ ಸಹಲೇಖಕರ ಜೊತೆಗೂಡಿ 2022ರಲ್ಲಿ 7,171 ಯೂಟ್ಯೂಬ್ ಕಮೆಂಟುಗಳ ಸಂಗ್ರಹವೊಂದನ್ನು ಹೊರತಂದರು. ತುಳು, ಕನ್ನಡ, ಇಂಗ್ಲಿಷ್ ಕಲಸಿಹೋದ, ಜನ ನಿಜವಾಗಿ ಬರೆಯುವ ಭಾಷೆ ಅದರಲ್ಲಿದೆ. ಒಂದೊಂದು ಕಮೆಂಟನ್ನೂ ಓದಿ ಇದು ಮೆಚ್ಚುಗೆ, ಇದು ಟೀಕೆ, ಇದು ಎರಡೂ ಬೆರೆತದ್ದು ಎಂದು ಗುರುತು ಹಾಕಿದವರು ಮನುಷ್ಯರೇ. ಮರುವರ್ಷ ದ್ರಾವಿಡ ಭಾಷಾ ತಂತ್ರಜ್ಞಾನದ ಕಾರ್ಯಾಗಾರದಲ್ಲಿ ತುಳುವೂ ಸ್ಪರ್ಧೆಯ ವಿಷಯವಾಯಿತು, ಆ ಭಾಷೆ ಬಾರದ ತಂಡಗಳೂ ಅದರ ಮೇಲೆ ಕೆಲಸ ಮಾಡಿದವು. 2024ರ ಜೂನ್‌ನಲ್ಲಿ ಗೂಗಲ್ ಅನುವಾದಕ್ಕೆ ತುಳು ಸೇರಿತು, ಅದೇ ಸೆಪ್ಟೆಂಬರಿನಲ್ಲಿ ತುಳು–ತಿಗಳಾರಿ ಲಿಪಿ ಯೂನಿಕೋಡಿಗೆ ಬಂತು. ದೊಡ್ಡ ಕಂಪನಿಗಳ ಲೆಕ್ಕದಲ್ಲಿ ಏಳು ಸಾವಿರ ಕಮೆಂಟು ಏನೂ ಅಲ್ಲ. ಆದರೆ ಅದು ಬಾಳಿತು, ಏಕೆಂದರೆ ಇನ್ನೊಬ್ಬರ ಕೈಗೆ ಸಿಗುವಂತೆ ಇಟ್ಟಿದ್ದರು.

ಮುಂದಿನ ಕೆಲಸ ಮಾತಿನದು. ಸೊಪ್ಪಿಗೆ ಒಬ್ಬರು ತಪ್ಪು, ಇನ್ನೊಬ್ಬರು ಸಪ್ಪು, ಜೈನರು ಹಪ್ಪು ಎನ್ನುವ ಭಾಷೆಯಲ್ಲಿ ಮಂಗಳೂರು ಪೇಟೆಯ ದನಿಯನ್ನಷ್ಟೇ ಕಲಿತ ಯಂತ್ರ ವೇಣೂರಿನ ಅಜ್ಜಿಯ ಮಾತಿಗೆ ಕಿವುಡಾಗುತ್ತದೆ. ಈ ಧ್ವನಿಗಳನ್ನು ಒಪ್ಪಿಗೆ ಪಡೆದು ದಾಖಲಿಸಲು ಉಜಿರೆಯ ವಿದ್ಯಾರ್ಥಿಗಿಂತ ಹತ್ತಿರದವರು ಯಾರಿದ್ದಾರೆ?

ಮೂಡುಬಿದಿರೆಗಂತೂ ತನ್ನದೇ ಆದ ಪ್ರಶ್ನೆಯಿದೆ. ಧವಳ, ಜಯಧವಳ, ಮಹಾಧವಳ ಎಂಬ ಜೈನ ಗ್ರಂಥಗಳ ತಾಳೆಗರಿಗಳು ಶತಮಾನಗಳ ಕಾಲ ಉಳಿದುಬಂದದ್ದು ಇಲ್ಲಿಯ ಸಿದ್ಧಾಂತ ಬಸದಿಯಲ್ಲಿ. ಭಾಷೆ ಪ್ರಾಕೃತ, ಲಿಪಿ ಹಳಗನ್ನಡ. ಇವು ಅಚ್ಚಾಗಿ ಹೊರಬರತೊಡಗಿದ್ದು 1939ರಿಂದ. ಗರಿಯ ಮೇಲೆ ಪದಗಳ ನಡುವೆ ತೆರಪಿಲ್ಲ, ದಾರದ ತೂತಿನ ಸುತ್ತ ಸಾಲು ಬಾಗುತ್ತದೆ, ಕಲೆ ಯಾವುದು ಅಕ್ಷರ ಯಾವುದು ಎಂದು ಯಂತ್ರ ತಬ್ಬಿಬ್ಬಾಗುತ್ತದೆ. ಬಾಲಿ ದ್ವೀಪದ ತಾಳೆಗರಿಗಳಿಗೆ 2016ರಲ್ಲೇ ಸಂಶೋಧಕರು ಚಿತ್ರಸಂಗ್ರಹ ಕಟ್ಟಿದರು, 2019ರಲ್ಲಿ ಹೈದರಾಬಾದಿನ ಟ್ರಿಪಲ್ ಐಟಿ ಭಾರತದ ಹಸ್ತಪ್ರತಿಗಳಿಗಾಗಿ ‘ಇಂಡಿಸ್ಕೇಪ್ಸ್’ ಸಿದ್ಧಪಡಿಸಿತು. ಬಸದಿಯ ಪಕ್ಕದಲ್ಲೇ ಇರುವ ಕಾಲೇಜುಗಳು ಜೈನ ಮಠದ ಅನುಮತಿ ಪಡೆದು, ಹಳೆ ಲಿಪಿ ಓದಬಲ್ಲ ಪಂಡಿತರನ್ನು ಸಹಮಾರ್ಗದರ್ಶಕರಾಗಿ ಕೂರಿಸಿಕೊಂಡು ಈ ಕೆಲಸಕ್ಕೆ ಇಳಿಯಲಿ. ಆ ಲಿಪಿ ಓದುವವರು ವರ್ಷವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ.

ಅಡ್ಡಿಯಾಗಿರುವುದು ಬುದ್ಧಿಯ ಕೊರತೆಯಲ್ಲ, ಕಾಲೇಜಿನ ವಾರ್ಷಿಕ ಚಕ್ರ. ಎಂ.ಟೆಕ್ ಪ್ರಬಂಧಕ್ಕೆ ಸಿಗುವುದು ಹೆಚ್ಚೆಂದರೆ ಒಂದು ಮಳೆಗಾಲ, ಮಹಾಳಿಯ ಮುನ್ಸೂಚನೆಗೆ ಬೇಕಾಗಿರುವುದು ನಾಲ್ಕೈದು. ವಿದ್ಯಾರ್ಥಿ ಪಾಸಾಗಿ ಬೆಂಗಳೂರಿಗೆ ಹೊರಟ ದಿನ ಅವನ ಪೆನ್‌ಡ್ರೈವಿನೊಂದಿಗೆ ಮಾಹಿತಿಯೂ ಊರು ಬಿಡುತ್ತದೆ, ಮುಂದಿನ ಬ್ಯಾಚು ಸೊನ್ನೆಯಿಂದ ಶುರು ಮಾಡುತ್ತದೆ. ಪಿಎಚ್‌ಡಿಗೆ ಪತ್ರಿಕೆಯಲ್ಲಿ ಪ್ರಕಟಣೆ ಕಡ್ಡಾಯವೆಂಬ ನಿಯಮವನ್ನು ಯುಜಿಸಿ 2022ರಲ್ಲೇ ಕೈಬಿಟ್ಟಿದೆ. ದುಡ್ಡು ಕೊಟ್ಟು ಎಲ್ಲೋ ಅಚ್ಚು ಹಾಕಿಸುವ ಒತ್ತಡ ಅಷ್ಟರಮಟ್ಟಿಗೆ ಇಳಿದಿರುವಾಗ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಒಂದು ಹೆಜ್ಜೆ ಮುಂದೆ ಹೋಗಿ ಪ್ರಬಂಧದ ಅಂಕದಲ್ಲಿ ಒಂದು ಪಾಲನ್ನು ಇನ್ನೊಬ್ಬರು ಬಳಸಬಲ್ಲ ದತ್ತಾಂಶಕ್ಕೆ ಮೀಸಲಿಡಬೇಕು. ಅಡಿಕೆಯ ಪ್ರಬಂಧವಾದರೆ ವೈವಾದಲ್ಲಿ ವಿಟ್ಲದ ಸಸ್ಯರೋಗ ವಿಜ್ಞಾನಿಯೊಬ್ಬರು, ಅವರ ಪಕ್ಕದಲ್ಲಿ ಒಬ್ಬ ಕೃಷಿಕ ಕುಳಿತಿರಲಿ.

ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ನಾಲ್ಕು ದಶಕಕ್ಕೂ ಹೆಚ್ಚು ಕಾಲದಿಂದ ವಿದ್ಯಾರ್ಥಿ ಪ್ರಾಜೆಕ್ಟ್‌ಗಳಿಗೆ ಧನಸಹಾಯ ಕೊಡುತ್ತ ಬಂದಿದೆ. ಆ ಹಣದ ಒಂದು ಭಾಗ ಹಿಂದಿನ ಬ್ಯಾಚಿನ ಕೆಲಸ ಮುಂದುವರಿಸುವವರಿಗೇ ಸಲ್ಲಲಿ. ಮೂರು ತಾಲ್ಲೂಕಿನ ಕಾಲೇಜುಗಳು ಸೇರಿ ಒಂದೇ ಭಂಡಾರ ಇಟ್ಟುಕೊಂಡರೆ, ಬೆಂಜನಪದವಿನ ವಿದ್ಯಾರ್ಥಿ ಶುರು ಮಾಡಿದ ತೇವಾಂಶದ ದಾಖಲೆಯನ್ನು ಉಜಿರೆಯವರು ಬೆಳೆಸಬಹುದು, ಮಿಜಾರಿನವರು ಪರೀಕ್ಷೆಗೊಡ್ಡಬಹುದು. ಅದಕ್ಕೆ ತಗಲುವ ಖರ್ಚು ಒಂದು ಸರ್ವರು, ಅದನ್ನು ನೋಡಿಕೊಳ್ಳುವ ಒಬ್ಬರ ಸಂಬಳ.