‘ಆಗಿಬರಲ್ಲ’ ಎಂದರೆ ಸಾಲದು

ಅಲರ್ಜಿಗೆ ಕನ್ನಡದಲ್ಲಿ ನೇರವಾದ ಮಾತಿಲ್ಲ. ‘ಆಗಿಬರಲ್ಲ’ ಅನ್ನುತ್ತೇವೆ, ‘ಒಗ್ಗಲ್ಲ’ ಅನ್ನುತ್ತೇವೆ, ಹಿರಿಯರು ‘ನಂಜು’ ಅನ್ನುತ್ತಾರೆ. ಈ ಮಾತುಗಳ ತೊಂದರೆಯೆಂದರೆ ಅವು ಎಲ್ಲಕ್ಕೂ ಸಲ್ಲುತ್ತವೆ. ಆಲೂಗಡ್ಡೆ ತಿಂದರೆ ಗ್ಯಾಸ್ ಆಗುವ ಮಾವನಿಗೂ ಆಗಿಬರಲ್ಲ, ಬದನೆಕಾಯಿ ಕಂಡರೆ ಮೂಗು ಮುರಿಯುವ ಹುಡುಗನಿಗೂ ಆಗಿಬರಲ್ಲ, ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೂ ಆಗಿಬರಲ್ಲ. ಅರ್ಧ ಗೋಡಂಬಿ ತಿಂದು ಹತ್ತು ನಿಮಿಷದಲ್ಲಿ ಉಸಿರು ಕಟ್ಟುವ ಮಗುವಿಗೂ ಅದೇ ‘ಆಗಿಬರಲ್ಲ’. ಕೇಳುವವರ ಕಿವಿಗೆ ಎಲ್ಲದರ ತೂಕವೂ ಒಂದೇ. ‘ಒಂದ್ಚೂರು ತಿಂದ್ರೆ ಏನೂ ಆಗಲ್ಲ ಬಿಡಿ’ ಎಂಬ ಉತ್ತರ ನಾಲಗೆಯ ತುದಿಯಲ್ಲೇ ಇರುತ್ತದೆ.

ಊರು ಬಿಟ್ಟು ಬಂದ ನಮಗೆ ಈ ಕಷ್ಟ ಎರಡು ಪಟ್ಟು. ಪುಣೆಯ ಶಾಲೆಯ ಮಾವ್ಶಿಗೆ ‘ಚಾಲತ್ ನಾಹೀ’ ಎನ್ನುತ್ತೇವೆ, ಚೆನ್ನೈಯ ಕ್ಯಾಂಟೀನಿನವರಿಗೆ ‘ಒತ್ತುಕ್ಕಾದು’ ಎನ್ನುತ್ತೇವೆ, ದೆಹಲಿಯಲ್ಲಿ ‘ಸೂಟ್ ನಹೀ ಕರ್ತಾ’ ಎನ್ನುತ್ತೇವೆ. ಮೂರೂ ‘ಆಗಿಬರಲ್ಲ’ದಷ್ಟೇ ಮೆತ್ತಗಿನ ಮಾತುಗಳು. ಆದ್ದರಿಂದ ನನ್ನ ಮೊದಲ ಸಲಹೆ ಭಾಷೆಯದ್ದು. ರುಚಿಯ ಮಾತು ಬಿಟ್ಟು ಪರಿಣಾಮದ ಮಾತು ಆಡಿ. ‘ಇವನಿಗೆ ಶೇಂಗಾ ಕೊಟ್ಟರೆ ಉಸಿರು ನಿಲ್ಲಬಹುದು, ಆಸ್ಪತ್ರೆಗೆ ಓಡಬೇಕಾಗುತ್ತದೆ’ ಎಂಬ ಒಂದು ವಾಕ್ಯವನ್ನು ನೀವಿರುವ ಊರಿನ ಭಾಷೆಯಲ್ಲಿ ಕಲಿತುಕೊಳ್ಳಿ, ಮಗುವಿಗೂ ಕಲಿಸಿ.

ಇದು ಉತ್ಪ್ರೇಕ್ಷೆಯಲ್ಲ. ನಿಜವಾದ ಆಹಾರ ಅಲರ್ಜಿಯಲ್ಲಿ ದೇಹದ ರಕ್ಷಣಾ ವ್ಯವಸ್ಥೆ ಹಾಲು, ಮೊಟ್ಟೆ, ಶೇಂಗಾ, ಗೋಡಂಬಿಯಂಥ ಪದಾರ್ಥದ ಪ್ರೋಟೀನನ್ನು ಶತ್ರುವೆಂದು ತಿಳಿದು ಯುದ್ಧ ಸಾರುತ್ತದೆ. ಬಹಳಷ್ಟು ಸಲ ಅದು ಮೈಮೇಲೆ ಗಂಧೆ ಏಳುವುದಕ್ಕೆ, ತುಟಿ ಊದಿಕೊಳ್ಳುವುದಕ್ಕೆ ನಿಲ್ಲುತ್ತದೆ. ಕೆಲವು ಸಲ ಗಂಟಲು, ಶ್ವಾಸನಾಳ, ರಕ್ತದೊತ್ತಡದವರೆಗೂ ಹೋಗುತ್ತದೆ. ಅದೇ ಅನಾಫಿಲ್ಯಾಕ್ಸಿಸ್. ಹಾಲಿನ ಸಕ್ಕರೆ ಜೀರ್ಣವಾಗದೆ ಹೊಟ್ಟೆ ಉಬ್ಬರಿಸುವುದಕ್ಕೂ ಹಾಲಿನ ಪ್ರೋಟೀನಿನ ಅಲರ್ಜಿಗೂ ಸಂಬಂಧವಿಲ್ಲ. ಮೊದಲನೆಯದು ತೊಂದರೆ, ಎರಡನೆಯದು ಅಪಾಯ.

ಹಾಗಾದರೆ ಇದು ಎಷ್ಟು ಮಕ್ಕಳ ಸಮಸ್ಯೆ? ಇಲ್ಲಿ ನಮ್ಮ ಮೈಸೂರು, ಬೆಂಗಳೂರು ಜಗತ್ತಿಗೆ ಒಂದು ಉಪಕಾರ ಮಾಡಿವೆ. ಯೂರೋಪಿನ ಸಂಶೋಧಕರ ಜೊತೆ ಸೇರಿ ಈ ಎರಡು ನಗರಗಳಲ್ಲಿ ನಡೆದ ದೊಡ್ಡ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಸುಮಾರು ಕಾಲು ಭಾಗ ಜನರ ರಕ್ತದಲ್ಲಿ ಯಾವುದಾದರೊಂದು ಆಹಾರದ ವಿರುದ್ಧ ಪ್ರತಿಕಾಯ ಸಿಕ್ಕಿತು. ಆದರೆ ತಿಂದಾಗ ನಿಜಕ್ಕೂ ಅಲರ್ಜಿ ಆಗುತ್ತಿದ್ದವರು ಶೇಕಡಾ ಒಂದರ ಆಸುಪಾಸು. ಶಾಲಾ ಮಕ್ಕಳ ಅಧ್ಯಯನದಲ್ಲಿ ಅಂಕಿ ಇನ್ನೂ ಕಡಿಮೆ: ಹಾಂಗ್‌ಕಾಂಗ್‌ನಲ್ಲಿ ಶೇ 1.5 ಇದ್ದದ್ದು ಇಲ್ಲಿ ಶೇ 0.14. ಅಂದರೆ ಸಾವಿರ ಮಕ್ಕಳಿರುವ ಶಾಲೆಯಲ್ಲಿ ಒಬ್ಬರೋ ಇಬ್ಬರೋ.

ಈ ಅಂಕಿಗಳಿಂದ ಎರಡು ಪಾಠ ಕಲಿಯಬಹುದು. ಒಂದು, ಟೆಸ್ಟ್ ಪಾಸಿಟಿವ್ ಬಂದ ಮಾತ್ರಕ್ಕೆ ಅಲರ್ಜಿ ಇದೆ ಎಂದಲ್ಲ. ನೂರಾರು ಆಹಾರಗಳ ಪಟ್ಟಿ ಕೊಟ್ಟು ಸಾವಿರಾರು ರೂಪಾಯಿ ಪಡೆಯುವ ಐಜಿಜಿ ಪರೀಕ್ಷೆಗಳನ್ನು ಅಲರ್ಜಿ ತಜ್ಞರ ಸಂಘಗಳು ಒಪ್ಪುವುದಿಲ್ಲ. ಅಂಥ ಪಟ್ಟಿ ಹಿಡಿದು ಹಾಲು, ಗೋಧಿ, ಬೇಳೆ ಎಲ್ಲ ಬಿಡಿಸಿದ ಮಗು ಅಲರ್ಜಿಯಿಂದಲ್ಲ, ಅಪೌಷ್ಟಿಕತೆಯಿಂದ ಸೊರಗುತ್ತದೆ. ಏನು ತಿಂದಾಗ, ಎಷ್ಟು ಹೊತ್ತಿಗೆ, ಏನಾಯಿತು ಎಂಬ ಕಥೆಯನ್ನು ಕೂತು ಕೇಳುವ ವೈದ್ಯರೇ ಇಲ್ಲಿ ಬೇಕಾದವರು. ಎರಡು, ಸಂಖ್ಯೆ ಕಡಿಮೆ ಇರುವುದೇ ನಮ್ಮ ಮಕ್ಕಳಿಗೆ ಶತ್ರು. ಸಾವಿರಕ್ಕೊಬ್ಬರಿಗೆ ಬರುವ ತೊಂದರೆಯನ್ನು ಶಿಕ್ಷಕರು ತಮ್ಮ ಇಡೀ ವೃತ್ತಿಯಲ್ಲಿ ಒಮ್ಮೆಯೂ ಕಂಡಿರುವುದಿಲ್ಲ. ಕಾಣದ್ದನ್ನು ನಂಬುವುದು ಯಾರಿಗೂ ಕಷ್ಟವೇ.

ಇಂಥ ಮಗು ಬಂದಾಗ ಶಾಲೆಗಳು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತವೆ. ‘ನೀವೇ ನೋಡಿಕೊಳ್ಳಿ, ಡಬ್ಬಿಯಲ್ಲಿ ಸರಿಯಾದ್ದು ಕಳಿಸಿ’ ಎಂದು ಕೈ ತೊಳೆದುಕೊಳ್ಳುವುದು ಒಂದು. ಅಮೆರಿಕದ ಶಾಲೆಗಳ ಸುದ್ದಿ ಓದಿ ‘ನಮ್ಮಲ್ಲಿ ಶೇಂಗಾ ನಿಷೇಧ’ ಎಂದು ಸುತ್ತೋಲೆ ಹೊರಡಿಸುವುದು ಇನ್ನೊಂದು. ನಿಷೇಧದ ಪರ ನಾನಿಲ್ಲ. ಗೋಡಂಬಿ ಒಗ್ಗದ ಮಗಳಿರುವ ಮನೆಯಿಂದಲೇ ಈ ಮಾತು ಬರೆಯುತ್ತಿದ್ದೇನೆ.

ಯಾಕೆಂದರೆ ನಮ್ಮ ದೇಶದಲ್ಲಿ ಶೇಂಗಾ ಬಡವರ ಬಾದಾಮಿ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಮೊಟ್ಟೆ ಕೊಡುವ ಯೋಜನೆ 2022ರಲ್ಲಿ ಎಲ್ಲ ಜಿಲ್ಲೆಗಳಿಗೆ ವಿಸ್ತರಿಸಿದಾಗ ಮೊಟ್ಟೆ ತಿನ್ನದ ಮಕ್ಕಳ ಕೈಗೆ ಬಂದದ್ದು ಬಾಳೆಹಣ್ಣು ಇಲ್ಲವೇ ಶೇಂಗಾ ಚಿಕ್ಕಿ. ಉತ್ತರ ಕರ್ನಾಟಕದ ಡಬ್ಬಿಯಿಂದ ಶೇಂಗಾ ಚಟ್ನಿಪುಡಿ ತೆಗೆದರೆ, ಮಹಾರಾಷ್ಟ್ರದ ಸಾಬುದಾನಿ ಖಿಚಡಿಯಿಂದ ಶೇಂಗಾ ಪುಡಿ ತೆಗೆದರೆ, ಹೈದರಾಬಾದಿನ ಬಘಾರಾ ಬೈಂಗನ್‌ನಿಂದ ಶೇಂಗಾ, ಎಳ್ಳು ತೆಗೆದರೆ ಉಳಿಯುವುದೇನು? ಅಷ್ಟು ಮಾಡಿದರೂ ಹಾಲಿನ ಅಲರ್ಜಿಯ ಮಗುವಿಗೆ ಅದರಿಂದ ಏನು ಪ್ರಯೋಜನ? ತುಪ್ಪ, ಮೊಸರು, ಪನೀರು ನಿಷೇಧಿಸುವ ಶಾಲೆ ಭಾರತದಲ್ಲಿ ಹುಟ್ಟುವುದುಂಟೇ? ಶಾಲೆಗಳಿಗಾಗಿ ತಜ್ಞರ ಅಂತಾರಾಷ್ಟ್ರೀಯ ತಂಡವೊಂದು 2021ರಲ್ಲಿ ಲಭ್ಯ ಪುರಾವೆಗಳನ್ನೆಲ್ಲ ಜಾಲಾಡಿ ಮಾರ್ಗಸೂಚಿ ಹೊರತಂದಿತು. ಇಡೀ ಶಾಲೆಗೆ ಆಹಾರ ನಿಷೇಧ ಹೇರುವುದು ಬೇಡ, ಸಿಬ್ಬಂದಿಗೆ ತರಬೇತಿ ಕೊಡಿ, ಬರೆದಿಟ್ಟ ತುರ್ತು ಯೋಜನೆ ಇರಲಿ, ಅಡ್ರಿನಲಿನ್ ಶಾಲೆಯಲ್ಲೇ ಇರಲಿ ಎಂಬುದು ಅದರ ಸಾರ. ನಿಷೇಧ ಸುಳ್ಳು ಧೈರ್ಯ ಕೊಡುತ್ತದೆ. ಸಿದ್ಧತೆ ಮಾತ್ರ ಜೀವ ಉಳಿಸುತ್ತದೆ.

ಅಡ್ರಿನಲಿನ್ ವಿಷಯಕ್ಕೆ ಬರೋಣ, ಏಕೆಂದರೆ ಎಲ್ಲ ನಿಂತಿರುವುದು ಅದರ ಮೇಲೆ. ಮಗುವಿನ ದನಿ ಗೊಗ್ಗರಾದರೆ, ಬಿಡದ ಕೆಮ್ಮು, ಉಬ್ಬಸ ಬಂದರೆ, ಗಂಧೆಯ ಜೊತೆ ಮತ್ತೆಮತ್ತೆ ವಾಂತಿಯಾದರೆ, ಮಂಕಾಗಿ ಜೋಲು ಬಿದ್ದರೆ ಕೊಡಬೇಕಾದ ಮೊದಲ ಔಷಧಿ ಅದೊಂದೇ. ನಮ್ಮಲ್ಲಿ ಸಿಟ್ರಿಜಿನ್ ಮಾತ್ರೆ ಕೊಟ್ಟು ಕಾಯುವುದು ವಾಡಿಕೆ. ಅದು ತುರಿಕೆ ಇಳಿಸುತ್ತದೆ, ಕಟ್ಟುತ್ತಿರುವ ಗಂಟಲನ್ನು ತೆರೆಯುವುದಿಲ್ಲ. ಅಡ್ರಿನಲಿನ್ ಅನ್ನು ತೊಡೆಯ ಹೊರಮಗ್ಗುಲ ಸ್ನಾಯುವಿಗೆ ಕೊಡಬೇಕು. ಮಗುವನ್ನು ಮಲಗಿಸಿ ಕಾಲು ಎತ್ತರಿಸಬೇಕು. ಉಸಿರಾಟ ಕಷ್ಟವಾದರೆ ಕೂರಿಸಬಹುದು, ಆದರೆ ಎಬ್ಬಿಸಿ ನಡೆಸಬಾರದು. ಐದು ನಿಮಿಷದಲ್ಲಿ ಸುಧಾರಿಸದಿದ್ದರೆ ಇನ್ನೊಂದು ಡೋಸು. ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು, ಕೆಲವೊಮ್ಮೆ ಗಂಟೆಗಳ ಮೇಲೆ ಅದು ಮರುಕಳಿಸುತ್ತದೆ.

ವಿದೇಶಗಳಲ್ಲಿ ಪೆನ್ನಿನಂಥ ಆಟೋ ಇಂಜೆಕ್ಟರ್ ಇದೆ: ತೊಡೆಗೆ ಒತ್ತಿದರೆ ಸಾಕು. ನಮ್ಮಲ್ಲಿ ಅದು ಸುಲಭಕ್ಕೆ ಸಿಗುವುದಿಲ್ಲ, ತರಿಸಿಕೊಂಡರೆ ಬೆಲೆ ಸಾವಿರಗಳಲ್ಲಿ, ಒಂದೆರಡು ವರ್ಷದೊಳಗೆ ಅವಧಿ ಮುಗಿಯುತ್ತದೆ. ಅದೇ ಔಷಧಿಯ 1 ಮಿಲಿಗ್ರಾಮಿನ ಗಾಜಿನ ಆಂಪೂಲ್ ಮಾತ್ರ ಅತಿ ಅಗ್ಗ, ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲೂ ಇದೆ. ಡೋಸು ಮಗುವಿನ ತೂಕದ ಪ್ರತಿ ಕಿಲೋಗೆ 0.01 ಮಿಲಿಗ್ರಾಂ, ಅಂದರೆ 20 ಕಿಲೋ ಮಗುವಿಗೆ 0.2 ಮಿಲಿಗ್ರಾಂ. ವೈದ್ಯರು ಬರೆದುಕೊಟ್ಟು ಕೈ ಹಿಡಿದು ತೋರಿಸಿದರೆ ಆಂಪೂಲು, ಸಿರಿಂಜು ಬಳಸಲು ಶಾಲೆಯ ನರ್ಸ್ ಕಲಿಯಬಹುದು, ಅಪ್ಪ ಅಮ್ಮ ಕಲಿಯಬಹುದು. ಆದರೆ ಗಾಬರಿಯ ಹೊತ್ತಿನಲ್ಲಿ ಗಾಜು ಮುರಿದು, ಅಳೆದು, ಎಳೆದು ಕೊಡು ಎಂದು ಎರಡನೇ ತರಗತಿಯ ಟೀಚರಿಗೆ ಹೇಳುವುದು ನ್ಯಾಯವಲ್ಲ. ಕೈಗೆಟಕುವ ಬೆಲೆಯ ಆಟೋ ಇಂಜೆಕ್ಟರ್ ನಮ್ಮ ದೇಶದಲ್ಲೇ ತಯಾರಾಗಬೇಕು, ಪ್ರತಿ ಶಾಲೆಯ ಪ್ರಥಮ ಚಿಕಿತ್ಸೆ ಪೆಟ್ಟಿಗೆಯಲ್ಲಿ ಇರಬೇಕು. ಜಗತ್ತಿಗೆಲ್ಲ ಔಷಧಿ ಮಾಡಿ ಕಳಿಸುವ ದೇಶಕ್ಕೆ ಇದು ಆಗದ ಕೆಲಸವಲ್ಲ. ಅಮೆರಿಕದಲ್ಲಿ 2013ರಲ್ಲೇ ಶಾಲೆಗಳು ಇದನ್ನು ದಾಸ್ತಾನು ಇಡುವಂತೆ ರಾಜ್ಯಗಳನ್ನು ಹುರಿದುಂಬಿಸುವ ಕಾಯ್ದೆ ಬಂತು. ಶಾಲಾ ಆಹಾರದ ಬಗ್ಗೆ ನಮ್ಮ ಎಫ್‌ಎಸ್‌ಎಸ್‌ಎಐ 2020ರಲ್ಲಿ ಮಾಡಿದ ನಿಯಮಗಳ ಗಮನ ಹೆಚ್ಚಾಗಿ ಉಪ್ಪು, ಸಕ್ಕರೆ, ಕೊಬ್ಬಿನ ಮೇಲಿದೆ. ಅದು ಬೇಕಾದದ್ದೇ, ಆದರೆ ಸಾಲದು.

ಶಿಕ್ಷಕರ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ‘ಸೂಜಿ ಚುಚ್ಚಿ ಏನಾದರೂ ಆದರೆ ನನ್ನ ಮೇಲೆ ಕೇಸು’ ಎನ್ನುವುದು ಸಹಜ. ರಸ್ತೆ ಅಪಘಾತದಲ್ಲಿ ನೆರವಾದವರಿಗೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಸ್ಪಷ್ಟ ರಕ್ಷಣೆ ಕೊಡುತ್ತದೆ. ತರಗತಿಯಲ್ಲಿ ನೆರವಾದವರಿಗೂ ಅಷ್ಟೇ ಸ್ಪಷ್ಟವಾದದ್ದು ಬೇಕು. ಅಲ್ಲಿಯವರೆಗೆ ಇರುವುದನ್ನು ಬಳಸೋಣ. ಹಿಂದಿನ ದಂಡ ಸಂಹಿತೆಯ 89ನೇ ಕಲಮು, ಈಗಿನ ಭಾರತೀಯ ನ್ಯಾಯ ಸಂಹಿತೆಯ 27ನೇ ಕಲಮು, 12 ವರ್ಷದೊಳಗಿನ ಮಗುವಿನ ಒಳಿತಿಗಾಗಿ, ಪೋಷಕರ ಒಪ್ಪಿಗೆಯಿಂದ, ಸದುದ್ದೇಶದಿಂದ ಮಾಡಿದ ಕೆಲಸಕ್ಕೆ ಕೆಲವು ಮಿತಿಗಳೊಳಗೆ ರಕ್ಷಣೆ ಕೊಡುತ್ತದೆ. ಆದ್ದರಿಂದ ಪೋಷಕರ ಲಿಖಿತ ಒಪ್ಪಿಗೆ, ವೈದ್ಯರ ಸಹಿಯುಳ್ಳ ಒಂದು ಪುಟದ ಯೋಜನೆ, ಮಗುವಿನ ಫೋಟೊ ಮೂರೂ ಶಾಲೆಯಲ್ಲಿರಲಿ. ಅದು ಮಗುವಿಗೆಷ್ಟೋ ಟೀಚರಿಗೂ ಅಷ್ಟೇ ರಕ್ಷೆ.

ಮನೆಯ ಮಾತು ಬೇರೆ. ಅಲ್ಲಿ ಶತ್ರು ಅಜ್ಞಾನಕ್ಕಿಂತ ಹೆಚ್ಚಾಗಿ ಪ್ರೀತಿ. ಪ್ರಸಾದ ಬೇಡ ಎನ್ನಬಾರದು, ಅಜ್ಜಿ ಕೊಟ್ಟ ಉಂಡೆ ತಳ್ಳಬಾರದು ಎಂದು ಬೆಳೆಸಿದ ಮಗುವಿಗೆ ಈಗ ‘ಕೇಳದೆ ಬಾಯಿಗಿಡಬೇಡ’ ಎನ್ನಬೇಕು. ಪಂಚಾಮೃತದಲ್ಲಿ ಹಾಲು, ಪಾಯಸದಲ್ಲಿ ಗೋಡಂಬಿ, ಹೋಟೆಲಿನ ಗ್ರೇವಿಯಲ್ಲಿ ಅರೆದ ಗೋಡಂಬಿ. ಡಬ್ಬಿಯ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟು ಬೆರೆತಿರುತ್ತದೆ. ಚೆನ್ನಾಗಿ ರಿಫೈನ್ ಮಾಡಿದ ಶೇಂಗಾ ಎಣ್ಣೆಯಲ್ಲಿ ಪ್ರೋಟೀನು ಇಲ್ಲವೆನ್ನುವಷ್ಟು ಕಡಿಮೆ, ಆರೋಗ್ಯಕ್ಕೆಂದು ಊರಿಂದ ತರಿಸುವ ಗಾಣದ ಎಣ್ಣೆಯಲ್ಲಿ ಹಾಗಲ್ಲ. ಪ್ಯಾಕೆಟ್ಟಿನ ಮೇಲೆ ಹಾಲು, ಮೊಟ್ಟೆ, ಮೀನು, ಸಿಗಡಿ ಜಾತಿ, ಶೇಂಗಾ, ಗೋಡಂಬಿ ಬಾದಾಮಿಯಂಥ ಬೀಜಗಳು, ಸೋಯಾ, ಗ್ಲುಟೆನ್ ಇರುವ ಧಾನ್ಯ, ಸಲ್ಫೈಟು ಇದ್ದರೆ ಘೋಷಿಸಬೇಕೆಂದು 2020ರ ಲೇಬಲ್ ನಿಯಮ ಹೇಳುತ್ತದೆ. ಆ ಪಟ್ಟಿಯಲ್ಲಿ ಎಳ್ಳಿಲ್ಲ, ಸಾಸಿವೆಯಿಲ್ಲ. ಯೂರೋಪ್ ಎರಡನ್ನೂ ಸೇರಿಸಿಕೊಂಡಿದೆ, ಅಮೆರಿಕ 2023ರಿಂದ ಎಳ್ಳನ್ನು ಸೇರಿಸಿತು. ಸಂಕ್ರಾಂತಿಗೆ ಎಳ್ಳುಬೆಲ್ಲ, ತಿಳಗುಳ, ಗಜಕ್ ಹಂಚುವ ದೇಶದ ಪಟ್ಟಿಯಲ್ಲಿ ಎಳ್ಳು ಇಲ್ಲದಿರುವುದು ವಿಚಿತ್ರ. ಸೇರಿಸಿ ಎಂದು ನಾವು ಕೇಳಬೇಕು.

ಮನೆಯಲ್ಲಿ ಎರಡನೇ ಕೂಸು ಇದ್ದರೆ ಹೆದರಿ ಎಲ್ಲವನ್ನೂ ಮುಂದೂಡಬೇಡಿ. ಲಂಡನ್ನಿನಲ್ಲಿ 640 ಶಿಶುಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ‘ಲೀಪ್’ ಅಧ್ಯಯನ, ಅಲರ್ಜಿಯ ಅಪಾಯ ಹೆಚ್ಚಿರುವ ಕೂಸುಗಳಿಗೆ ಮೊದಲ ವರ್ಷದಲ್ಲೇ ಶೇಂಗಾ ತಿನ್ನಿಸಿದರೆ ಶೇಂಗಾ ಅಲರ್ಜಿ ಬಹಳ ಕಡಿಮೆಯಾಗುತ್ತದೆಂದು ತೋರಿಸಿತು. ವೈದ್ಯರನ್ನು ಕೇಳಿ, ನುಣ್ಣಗೆ ಅರೆದು ಕೊಡಿ. ಇಡೀ ಬೀಜ ಗಂಟಲಿಗೆ ಸಿಕ್ಕುತ್ತದೆ. ಹಾಲು, ಮೊಟ್ಟೆಯ ಅಲರ್ಜಿ ಬಹುತೇಕ ಮಕ್ಕಳಲ್ಲಿ ಬೆಳೆಯುತ್ತಾ ಹೋಗಿಬಿಡುತ್ತದೆ ಎಂಬುದೂ ನೆನಪಿರಲಿ. ಹೋಗಿದೆಯೇ ಎಂಬ ಪರೀಕ್ಷೆ ಮಾತ್ರ ಆಸ್ಪತ್ರೆಯಲ್ಲಿ ಆಗಲಿ, ಅಡುಗೆಮನೆಯಲ್ಲಿ ಬೇಡ.

ಕೊನೆಗೆ ಮಗುವಿನ ಮರ್ಯಾದೆ. ನನ್ನ ಮಗಳ ಹಿಂದಿನ ಶಾಲೆ ಕಂಡುಕೊಂಡ ಪರಿಹಾರ, ಊಟದ ಹೊತ್ತಿಗೆ ಅವಳನ್ನು ಮೂಲೆಯ ಬೆಂಚಿನಲ್ಲಿ ಒಬ್ಬಳನ್ನೇ ಕೂರಿಸುವುದು. ಊಟದ ಪಂಕ್ತಿಯಿಂದ ಎಬ್ಬಿಸುವುದು ಅಂದರೇನು ಎಂದು ನಮ್ಮ ಸಮಾಜಕ್ಕೆ ಬಿಡಿಸಿ ಹೇಳಬೇಕಿಲ್ಲ. ಬೇಕಾಗಿದ್ದದ್ದು ಇಷ್ಟೇ: ಡಬ್ಬಿಯನ್ನು ಬದಲಾಯಿಸಿಕೊಳ್ಳಬೇಡಿ ಎಂದು ತರಗತಿಗೆಲ್ಲ ಹೇಳುವುದು, ತಿಂದ ಮೇಲೆ ಎಲ್ಲರೂ ಸೋಪಿನಿಂದ ಕೈ ತೊಳೆಯುವುದು, ಹುಟ್ಟುಹಬ್ಬಕ್ಕೆ ಚಾಕೊಲೇಟಿನ ಬದಲು ಪೆನ್ಸಿಲು ಹಂಚುವುದು. ಒಬ್ಬರಿಗಾಗಿ ಹತ್ತು ಜನ ಸ್ವಲ್ಪ ಜಾಗರೂಕರಾದರೆ ಆ ಹತ್ತು ಜನರೂ ಏನೋ ಕಲಿತಂತಾಯಿತು.

ಅಲರ್ಜಿಯ ಮಗು ನಿಮ್ಮ ಮನೆಯಲ್ಲಿಲ್ಲದಿದ್ದರೂ ಮುಂದಿನ ಪೋಷಕರ ಸಭೆಯಲ್ಲಿ ಮೂರು ಪ್ರಶ್ನೆ ಕೇಳಿ. ಇಂಥ ಮಕ್ಕಳ ಬರೆದಿಟ್ಟ ಯೋಜನೆ ಎಲ್ಲಿದೆ? ಅಡ್ರಿನಲಿನ್ ಎಲ್ಲಿದೆ, ಆ ಬೀರುವಿನ ಬೀಗದ ಕೈ ಯಾರ ಬಳಿ ಇದೆ? ಅವರು ರಜೆಯಲ್ಲಿದ್ದ ದಿನ ಇನ್ನು ಯಾರಿಗೆ ಕೊಡಲು ಬರುತ್ತದೆ? ಅಲರ್ಜಿ ಇರುವ ಒಂದು ಮಗುವಿನ ತಾಯಿ ಕೇಳಿದರೆ ಅದು ‘ಅತಿಯಾದ ಕಾಳಜಿ’ ಎನಿಸಿಕೊಳ್ಳುತ್ತದೆ. ಇಪ್ಪತ್ತು ಜನ ಕೇಳಿದರೆ ಅದು ಶಾಲೆಯ ನಿಯಮವಾಗುತ್ತದೆ.