ಗೆರೆ ದಾಟದ ಎಸೆತ

ಕಳೆದ ಬೇಸಿಗೆಯ ರಜೆಯಲ್ಲಿ ಹೊಸೂರಿನಿಂದ ಬೆಂಗಳೂರಿಗೆ ಹೋಗಿದ್ದಾಗ, ಎಂಟು ವರ್ಷದ ಮಗಳನ್ನು ಬೌಲಿಂಗ್ ಆಟದ ಅಂಗಣವೊಂದಕ್ಕೆ ಕರೆದೊಯ್ದಿದ್ದೆ. ಅರವತ್ತು ಅಡಿಯ ನುಣುಪಾದ ಹಾದಿಯಲ್ಲಿ ಭಾರದ ಚೆಂಡನ್ನು ಉರುಳಿಸಿ, ತುದಿಯಲ್ಲಿ ನಿಲ್ಲಿಸಿದ ಹತ್ತು ಪಿನ್‌ಗಳನ್ನು ಕೆಡಹುವ ಆಟವಿದು. ಆಕೆ ಚೆಂಡನ್ನು ಎರಡೂ ಕೈಗಳಿಂದ ಹಿಡಿದು ಹೊರಟಳು. “ಹಾಗಲ್ಲಮ್ಮ, ಒಂದೇ ಕೈಯಲ್ಲಿ ಎಸೆಯಬೇಕು” ಎಂದು ತಡೆದೆ. “ಹಾಗಂತ ರೂಲ್ಸ್ ಇದೆಯಾ ಅಪ್ಪಾ?” ಎಂದಳು. ವಕೀಲನಾದ ನನ್ನಲ್ಲಿ ಉತ್ತರವಿರಲಿಲ್ಲ.

ಮನೆಗೆ ಮರಳಿ ನಿಯಮಾವಳಿಯನ್ನು ಓದಿದೆ. ಚೆಂಡು ಕೈಯಿಂದಲೇ ಹೊರಡಬೇಕೆಂಬ ನಿಯಮವುಂಟು. ಒಂದೇ ಕೈಯಿಂದ ಎಂಬ ಮಾತಿಲ್ಲ. ಎಸೆಯುವಾಗ ಕಾಲು ಫೌಲ್ ಗೆರೆಯನ್ನು ದಾಟಿದರೆ ಮಾತ್ರ ಆ ಎಸೆತಕ್ಕೆ ಬಿದ್ದ ಪಿನ್‌ಗಳು ಲೆಕ್ಕಕ್ಕಿಲ್ಲ.

ಎಸೆತದ ಬಗೆಗಳು ಹಲವು. ಅಂಗೈಯನ್ನು ಚೆಂಡಿನ ಹಿಂದಿಟ್ಟು, ತೋಳನ್ನು ಲೋಲಕದಂತೆ ತೂಗಿ ಬಿಡುವುದು ನೇರ ಎಸೆತ. ಕಲಿಯುವವರಿಗೆ ಇದೇ ಮೊದಲ ಪಾಠ. ಆದರೆ ನೇರವಾಗಿ ಬಂದ ಚೆಂಡು ಮೊದಲ ಪಿನ್ನಿಗೆ ತಾಗಿದೊಡನೆ ಪಕ್ಕಕ್ಕೆ ಸರಿಯುವುದು ಹೆಚ್ಚು. ಆದ್ದರಿಂದ ಪಳಗಿದವರು ಹುಕ್ ಎಸೆತವನ್ನು ಆಶ್ರಯಿಸುತ್ತಾರೆ. ಹೆಬ್ಬೆರಳು ಮೊದಲು ಹೊರಬರುತ್ತದೆ. ಬಳಿಕ ಉಳಿದ ಬೆರಳುಗಳು ಚೆಂಡಿಗೆ ತಿರುಗು ನೀಡುತ್ತವೆ. ಹಾದಿಯ ಮುಂಭಾಗಕ್ಕೆ ಎಣ್ಣೆ ಸವರಿರುವುದರಿಂದ ಚೆಂಡು ಅಲ್ಲಿ ಜಾರುತ್ತದೆ. ಎಣ್ಣೆ ಮುಗಿದ ಒಣ ಭಾಗದಲ್ಲಿ ಹಿಡಿತ ಸಿಕ್ಕಿ ಬಾಗುತ್ತದೆ, ಓರೆಯಾಗಿ ಪಿನ್‌ಗಳ ನಡುವೆ ನುಗ್ಗುತ್ತದೆ.

ಮೂರನೆಯದೇ ಎರಡು ಕೈಯ ಎಸೆತ. ಆಸ್ಟ್ರೇಲಿಯದ ಆರೆಂಜ್ ಎಂಬ ಊರಿನಲ್ಲಿ 1983ರಲ್ಲಿ ಹುಟ್ಟಿದ ಜೇಸನ್ ಬೆಲ್ಮಾಂಟೆ ಇದರ ಪ್ರಸಿದ್ಧ ಸಾಧಕ. ಹೆತ್ತವರು ನಡೆಸುತ್ತಿದ್ದ ಬೌಲಿಂಗ್ ಅಂಗಣದಲ್ಲಿ, ಚೆಂಡನ್ನು ಒಂದು ಕೈಯಲ್ಲಿ ಎತ್ತಲಾಗದ ಎಳೆಯ ವಯಸ್ಸಿನಲ್ಲಿ ಆತ ಎರಡು ಕೈಗಳಿಂದ ತಳ್ಳಲಾರಂಭಿಸಿದ. ಬೆಳೆದ ಮೇಲೆ ಸರಿಯಾದ ಕ್ರಮದಲ್ಲಿ ಆಡೆಂದು ಹಲವರು ಬುದ್ಧಿ ಹೇಳಿದರು, ಆತ ಬಿಡಲಿಲ್ಲ. ಹೆಬ್ಬೆರಳನ್ನು ರಂಧ್ರಕ್ಕೆ ತೂರಿಸದೆ ಎರಡನೆಯ ಕೈಯ ಆಧಾರ ಪಡೆದ ಆ ಎಸೆತದಲ್ಲಿ ಚೆಂಡು ಇನ್ನಷ್ಟು ವೇಗವಾಗಿ ತಿರುಗುತ್ತದೆ. 2019ರಲ್ಲಿ ಆತ ಹನ್ನೊಂದನೆಯ ಪ್ರಮುಖ ಪ್ರಶಸ್ತಿ ಗೆದ್ದು ಅಮೆರಿಕದ ವೃತ್ತಿಪರ ಬೌಲಿಂಗಿನ ಹಳೆಯ ದಾಖಲೆಯನ್ನು ಮುರಿದ. ಇಂದು ಅನೇಕ ಕಿರಿಯರು ಅದೇ ಕ್ರಮವನ್ನು ಕಲಿಯುತ್ತಿದ್ದಾರೆ.

ರೂಢಿಯನ್ನೇ ನಿಯಮವೆಂದು ಭ್ರಮಿಸುವುದು ನಮ್ಮ ವೃತ್ತಿಯಲ್ಲಿ ದೊಡ್ಡ ತಪ್ಪು. ತಂದೆಯಾಗಿ ನಾನು ಅದನ್ನೇ ಮಾಡಿದ್ದೆ. ಗಡಿಯಾಚೆ ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸುವ ನಾವು “ಎಲ್ಲರೂ ಹೀಗೆ ಮಾಡುವುದಿಲ್ಲವಲ್ಲ” ಎಂಬ ಮಾತನ್ನು ನೆಂಟರಿಷ್ಟರಿಂದ ಎಷ್ಟು ಸಲ ಕೇಳಿಲ್ಲ! ಅದೇ ಮಾತನ್ನು ನಾನು ಮಗಳಿಗೆ ಹೇಳಿದ್ದೆನೆಂಬುದು ಅಂದು ರಾತ್ರಿ ಹೊಳೆಯಿತು.

ದಸರಾ ರಜೆಯಲ್ಲಿ ಮತ್ತೆ ಹೋಗುವೆವು. ಹಗುರ ಚೆಂಡನ್ನು ಆರಿಸಿಕೊಡುವುದು ನನ್ನ ಕೆಲಸ. ಎಷ್ಟು ಕೈ ಎಂಬುದು ಆಕೆಯ ತೀರ್ಮಾನ. ಗೆರೆ ದಾಟಬೇಡವೆಂದಷ್ಟೇ ಹೇಳುವೆ.